ಬಾಕಿಯ ಲೆಕ್ಕ ಹೇಳುವ ಅಂಚೆಚೀಟಿ



ಅಂಚೆಚೀಟಿಗಳನ್ನು ಕೂಡಿಡುವ ಹವ್ಯಾಸದ ಬಗೆಗೆ ನಮ್ಮ ಮನೆಗಳಲ್ಲಿ ಪರಿಚಯ ಇಲ್ಲದವರಿಲ್ಲ. ದೇಶದೇಶಗಳ ಚೀಟಿಗಳ ಮೇಲೆ ಅರಸರು, ನಾಯಕರು, ಪಕ್ಷಿಗಳು, ಹೂಗಳು, ಗುಡಿಗೋಪುರಗಳು ಕಾಣುತ್ತವೆ. ಮಕ್ಕಳ ಕಣ್ಣು ಸಹಜವಾಗಿಯೇ ಆ ಚಿತ್ರಗಳತ್ತ ಹರಿಯುತ್ತದೆ. ಆದರೆ ಚಿತ್ರವೇ ಇಲ್ಲದ, ನಡುವೆ ಒಂದು ದೊಡ್ಡ ಅಂಕಿಯನ್ನು ಮಾತ್ರ ಹೊತ್ತ, ನೋಡಲು ಸಪ್ಪೆಯೆನಿಸುವ ಒಂದು ಜಾತಿಯ ಚೀಟಿ ಉಂಟು. ಅದನ್ನು ಪತ್ರ ಬರೆದವರು ಕೊಂಡುದಲ್ಲ, ಅಂಟಿಸಿದುದೂ ಅಲ್ಲ. ಪತ್ರ ಮುಟ್ಟಿದ ಊರಿನ ಅಂಚೆ ಕಚೇರಿಯವರು ಅದನ್ನು ಅಂಟಿಸಿದರು. ಅದರ ಹಣವನ್ನು ಪತ್ರ ಪಡೆದವರು ತೆತ್ತರು. ಇದಕ್ಕೆ ಅಂಚೆ ಬಾಕಿ ಚೀಟಿ ಎನ್ನೋಣ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1879ರಲ್ಲಿ ಮೊದಲಾದ ಈ ಚೀಟಿಗಳ ವಿಚಾರವನ್ನು ಈ ತಿಂಗಳ ಅಂಕಣದಲ್ಲಿ ಅರಿಯೋಣ.

ನಮ್ಮ ಹಿರಿಯರಿಗೆ ‘ಬೇರಿಂಗ್ ಪತ್ರ’ ಎಂಬ ಮಾತು ಚೆನ್ನಾಗಿ ತಿಳಿದಿದೆ. ಚೀಟಿ ಅಂಟಿಸದೆ, ಇಲ್ಲವೆ ತೂಕಕ್ಕೆ ಸಾಲದಷ್ಟು ಮಾತ್ರ ಅಂಟಿಸಿ ಕಳುಹಿಸಿದ ಕಾಗದವದು. ಅಂಚೆಯಣ್ಣನು ಬಾಗಿಲಲ್ಲಿ ನಿಂತು, ಕೊರತೆಬಿದ್ದ ಹಣದ ಇಮ್ಮಡಿಯನ್ನು ಕೇಳುತ್ತಿದ್ದನು. ಕೆಲವರು ಗೊಣಗುತ್ತ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಕೆಲವರು ಬೇಡವೆಂದು ಹಿಂದಿರುಗಿಸುತ್ತಿದ್ದರು. ಹಣ ವಸೂಲಾಗಬೇಕಾದ ಕಾಗದವನ್ನು ಅಂಚೆಯವರು ಎಚ್ಚರದಿಂದ ಮುಟ್ಟಿಸುತ್ತಾರೆಂದು ನಂಬಿ, ಬೇಕೆಂದೇ ಬೇರಿಂಗ್ ಹಾಕುವವರೂ ಇದ್ದರು! ನಮ್ಮ ದೇಶದ ಅಂಚೆ ಇಲಾಖೆ ಈ ವಸೂಲಿಗಾಗಿ ಬೇರೆ ಚೀಟಿಯನ್ನು ಹೊರಡಿಸಲಿಲ್ಲ. ಲಕೋಟೆಯ ಮೇಲೊಂದು ಠಸ್ಸೆ ಒತ್ತಿ, ಬರಬೇಕಾದ ಹಣವನ್ನು ಗುರುತಿಸುತ್ತಿತ್ತು. ಅಮೆರಿಕದವರು ಅದಕ್ಕಾಗಿಯೇ ಪ್ರತ್ಯೇಕ ಚೀಟಿಯನ್ನು ಮುದ್ರಿಸಿದುದೇಕೆ? ಉತ್ತರ ಸ್ವಾರಸ್ಯವಾಗಿದೆ. ಪತ್ರ ಪಡೆದವರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಚೀಟಿ ಇದಲ್ಲ. ಹಣ ಎತ್ತುವ ಕೈಗೆ ಲೆಕ್ಕವನ್ನು ಕಲಿಸಲು ಹುಟ್ಟಿದ ಚೀಟಿ ಇದು.

ಬಾಕಿ ಹುಟ್ಟಿದ ಬಗೆ

ಅಂಚೆಯ ಹಣವನ್ನು ಕಳುಹಿಸುವವರೇ ಮೊದಲು ಕೊಡಬೇಕೆಂಬ ರೂಢಿ ಬಹಳ ಹಳೆಯದೇನಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಬರುವವರೆಗೂ ಹಲವು ಪತ್ರಗಳ ಹಣವನ್ನು ಪಡೆಯುವವರೇ ಕೊಡುತ್ತಿದ್ದರು. ಲಕೋಟೆಯ ಮೇಲೆ ಗುಟ್ಟಿನ ಗುರುತು ಮಾಡಿ ಕಳುಹಿಸುವುದು, ಪಡೆಯುವವರು ಆ ಗುರುತನ್ನು ನೋಡಿ ಕ್ಷೇಮವೆಂದರಿತು ಪತ್ರವನ್ನು ಹಿಂದಿರುಗಿಸುವುದು, ಇಂತಹ ಉಪಾಯಗಳೂ ಬಳಕೆಯಲ್ಲಿದ್ದವು. ಹೊತ್ತು ತಂದ ಶ್ರಮ ಅಂಚೆಯದು, ಕೂಲಿ ಮಾತ್ರ ಇಲ್ಲ.

ಅಮೆರಿಕ ತನ್ನ ಮೊದಲ ಚೀಟಿಗಳನ್ನು 1847ರ ಜುಲೈ 1ರಂದು ಬಳಕೆಗೆ ತಂದಿತು. 5 ಸೆಂಟಿನ ಚೀಟಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, 10 ಸೆಂಟಿನ ಚೀಟಿಯಲ್ಲಿ ಜಾರ್ಜ್ ವಾಷಿಂಗ್ಟನ್. ಆಗಲೂ ಹಣವನ್ನು ಮೊದಲು ಕೊಡುವುದೋ ಬಿಡುವುದೋ ಜನರ ಇಷ್ಟಕ್ಕೆ ಸೇರಿದ್ದಿತು. 1855ರಲ್ಲಿ ದೇಶದೊಳಗಿನ ಪತ್ರಗಳಿಗೆ ಮುಂಗಡ ಹಣ ಕಡ್ಡಾಯವಾಯಿತು. 1856ರ ಆರಂಭದಿಂದ ಅದನ್ನು ಚೀಟಿಯ ರೂಪದಲ್ಲಿಯೇ ಕೊಡಬೇಕೆಂದಾಯಿತು.

ಕಾನೂನು ಬಂದರೂ ಕೊರತೆ ನಿಲ್ಲಲಿಲ್ಲ. ಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಕಾಗದ ಬರೆಯುವವರು ಯಾರು? ಅರ್ಧ ಔನ್ಸಿಗೆ, ಎಂದರೆ ಸುಮಾರು 14 ಗ್ರಾಂ ತೂಕಕ್ಕೆ, 3 ಸೆಂಟು ದರವಿದ್ದ ಕಾಲವದು. ಎರಡು ಹಾಳೆ ಹೆಚ್ಚು ಬರೆದರೆ ತೂಕ ಮೀರುತ್ತಿತ್ತು. ಹಾಗೆ ಮೀರಿದ ಪತ್ರಗಳನ್ನು ತಡೆಯದೆ ಸಾಗಿಸಿ, ಉಳಿದ ಹಣವನ್ನು ಪಡೆಯುವವರಿಂದ ಎತ್ತುವುದು ಅಂಚೆಗೆ ಅನಿವಾರ್ಯವಾಯಿತು.

ಸೋರುವ ಬೊಕ್ಕಸಕ್ಕೆ ಒಂದು ತಡೆ

ತೊಡಕು ಇದ್ದುದು ಇಲ್ಲಿಯೇ. ಅಂಚೆಚೀಟಿ ಮಾರಿದ ಹಣಕ್ಕೆ ಲೆಕ್ಕ ಸುಲಭ. ಪೋಸ್ಟ್ ಮಾಸ್ತರರಿಗೆ ಎಷ್ಟು ಚೀಟಿ ಕೊಡಲಾಯಿತು, ಎಷ್ಟು ಉಳಿದಿದೆ ಎಂಬುದನ್ನು ಎಣಿಸಿದರೆ ಮಾರಿದ ಹಣ ಎಷ್ಟೆಂದು ಗೊತ್ತಾಗುತ್ತದೆ. ಬಾಕಿಯಾಗಿ ಎತ್ತಿದ 3 ಸೆಂಟಿಗೆ ಅಂತಹ ಸಾಕ್ಷಿ ಇರಲಿಲ್ಲ. ದೇಶದ ಮೂಲೆಯಲ್ಲಿರುವ ಯಾವುದೋ ಹಳ್ಳಿಯಲ್ಲಿ ಒಬ್ಬ ಗೃಹಿಣಿ ಆ ನಾಣ್ಯವನ್ನು ಕೊಟ್ಟು ಪತ್ರ ಬಿಡಿಸಿಕೊಂಡರೆ, ಅದು ಸರ್ಕಾರದ ಪೆಟ್ಟಿಗೆಗೆ ಬಿತ್ತೋ ಕಿಸೆಗೆ ಬಿತ್ತೋ ನೋಡಿದವರಾರು? ಮಾಸ್ತರರು ಬರೆದುದೇ ಲೆಕ್ಕ. ಹನಿಗೂಡಿದರೆ ಹಳ್ಳವಾಗುವಂತೆ, ಹನಿಹನಿಯಾಗಿ ಸೋರಿದರೆ ಕೆರೆಯೂ ಬತ್ತುತ್ತದೆ.

ಆದುದರಿಂದ 1879ರ ಮಾರ್ಚ್ 3ರ ಅಂಚೆ ಕಾನೂನಿನಲ್ಲಿ ಅಮೆರಿಕದ ಶಾಸನಸಭೆ ಒಂದು ಹೊಸ ಏರ್ಪಾಡನ್ನು ಮಾಡಿತು. ಅದರ ತಾತ್ಪರ್ಯ ಹೀಗಿದೆ. ಒಂದು ಪೂರ್ಣ ದರದ ಚೀಟಿಯಾದರೂ ಇರುವ ಪತ್ರವನ್ನು ಮುಂದಕ್ಕೆ ಸಾಗಿಸತಕ್ಕದ್ದು. ಉಳಿದ ಹಣವನ್ನು ಮುಟ್ಟಿಸುವಾಗ ವಸೂಲು ಮಾಡತಕ್ಕದ್ದು. ಆದರೆ ಪತ್ರವನ್ನು ಕೈಗಿಡುವ ಮೊದಲೇ, ಆ ಬಾಕಿಗೆ ಸಮನಾದ ವಿಶೇಷ ಚೀಟಿಯನ್ನು ಅದರ ಮೇಲೆ ಅಂಟಿಸಿ, ಮುದ್ರೆ ಒತ್ತಿ ರದ್ದುಪಡಿಸತಕ್ಕದ್ದು. ಈ ವಿಶೇಷ ಚೀಟಿಯನ್ನು ಯಾವ ಪೋಸ್ಟ್ ಮಾಸ್ತರರೂ ಯಾರಿಗೂ ಮಾರಕೂಡದು. ಮುಂಗಡ ಅಂಚೆವೆಚ್ಚಕ್ಕೆ ಇದನ್ನು ಸ್ವೀಕರಿಸಲೂ ಕೂಡದು. ಚೀಟಿ ಅಂಟಿಸದೆ ಬಾಕಿ ಎತ್ತಿ ಲೆಕ್ಕ ತಪ್ಪಿಸಿದ ನೌಕರನಿಗೆ 50 ಡಾಲರು ದಂಡ.

ಕಾನೂನಿನ ಜಾಣ್ಮೆಯನ್ನು ಗಮನಿಸಿರಿ. ದಂಡದ ಭಯವೊಂದನ್ನೇ ಅದು ನೆಚ್ಚಿಕೊಳ್ಳಲಿಲ್ಲ. ಸಣ್ಣ ಊರುಗಳ ಪೋಸ್ಟ್ ಮಾಸ್ತರರಿಗೆ ಸಂಬಳದ ಬದಲು ಕಮಿಷನ್ ದೊರೆಯುತ್ತಿತ್ತು. ಎತ್ತಿದ ಬಾಕಿ ಹಣದ ಮೇಲೆ ಇದ್ದ ಕಮಿಷನ್ನನ್ನು ತೆಗೆದು, ಅಂಟಿಸಿ ರದ್ದುಪಡಿಸಿದ ಬಾಕಿ ಚೀಟಿಗಳ ಮೇಲೆ ಕಮಿಷನ್ ಎಂದು ಗೊತ್ತುಮಾಡಿತು. ಚೀಟಿ ಅಂಟಿಸಿದರೆ ಮಾಸ್ತರರಿಗೂ ಲಾಭ, ಬೊಕ್ಕಸಕ್ಕೂ ಲಾಭ. ಪತ್ರ ಪಡೆದವರ ಕೈಯಲ್ಲಿ, ತಾವು ಕೊಟ್ಟ ಹಣಕ್ಕೆ ರಸೀದಿಯಾಗಿ, ಲಕೋಟೆಯ ಮೇಲೆಯೇ ಆ ಚೀಟಿ ಇರುತ್ತಿತ್ತು. ಮೂರು ಸೆಂಟಿನ ವ್ಯವಹಾರಕ್ಕೂ ಪಾವತಿ ಇರಬೇಕೆಂಬ ಈ ನಿಷ್ಠುರತೆಯನ್ನು ಮೆಚ್ಚಬೇಕಾದುದೇ ಸರಿ.

ಇಂತಹ ಚೀಟಿಯನ್ನು ಜಗತ್ತಿನಲ್ಲಿ ಮೊದಲು ತಂದವರು ಅಮೆರಿಕದವರಲ್ಲ. ಆ ಕೀರ್ತಿ 1859ರಲ್ಲಿ ಬಾಕಿ ಚೀಟಿ ಹೊರಡಿಸಿದ ಫ್ರಾನ್ಸಿನದು. ಇಂಗ್ಲೆಂಡ್ ಮಾತ್ರ 1914ರವರೆಗೆ ತಡೆಯಿತು.

ಏಳು ಚೀಟಿಗಳು, ಏಳು ಕೆಲಸ

1879ರ ಜುಲೈ 1ರಿಂದ ಹೊಸ ಏರ್ಪಾಡು ಜಾರಿಗೆ ಬಂದಿತು. ಮೊದಲು 1, 2, 3 ಮತ್ತು 5 ಸೆಂಟಿನ ಚೀಟಿಗಳು, ಅದೇ ವರ್ಷದ ಸೆಪ್ಟೆಂಬರಿನಲ್ಲಿ 10, 30 ಮತ್ತು 50 ಸೆಂಟಿನವು, ಹೀಗೆ ಒಟ್ಟು ಏಳು. ಮುದ್ರಿಸಿದವರು ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಯವರು. ಬಣ್ಣ ಕಂದು. ಮೊಟ್ಟೆಯಾಕಾರದ ಚೌಕಟ್ಟಿನ ನಡುವೆ ದೊಡ್ಡ ಅಂಕಿ, ಹಿನ್ನೆಲೆಯಲ್ಲಿ ನೋಟಿನ ಮೇಲಿರುವಂತಹ ನುಣುಪಾದ ಗೆರೆಗಳ ಹೆಣಿಗೆ. ವಾಷಿಂಗ್ಟನ್ನರೂ ಇಲ್ಲ, ಫ್ರಾಂಕ್ಲಿನ್ನರೂ ಇಲ್ಲ. ಎಣಿಸುವ ಕೆಲಸಕ್ಕೆ ಬಂದ ಚೀಟಿಗೆ ಅಂಕಿಯೇ ಮುಖ.

ಈ ಬೆಲೆಗಳು ಹೇಗೆ ಬಳಕೆಯಾದವೆಂಬುದನ್ನು ತಿಳಿದರೆ ಸಂಗ್ರಹಕ್ಕೆ ಜೀವ ಬರುತ್ತದೆ. 1880ರಲ್ಲಿ ಬಾಸ್ಟನ್ನಿನಿಂದ ಷಿಕಾಗೊಗೆ ಒಂದು ಪತ್ರ ಹೊರಟಿತೆಂದು ಇಟ್ಟುಕೊಳ್ಳೋಣ. ತೂಕ ಅರ್ಧ ಔನ್ಸನ್ನು ಮೀರಿದೆ. ಬೇಕಾದುದು 6 ಸೆಂಟು, ಅಂಟಿಸಿದುದು 3. ಬಾಸ್ಟನ್ನಿನ ಕಚೇರಿಯವರು ತೂಗಿ ನೋಡಿ ‘ಬಾಕಿ 3’ ಎಂಬರ್ಥದ ಠಸ್ಸೆ ಒತ್ತುತ್ತಾರೆ. ಷಿಕಾಗೊದವರು 3 ಸೆಂಟಿನ ಕಂದು ಚೀಟಿಯನ್ನು ಅಂಟಿಸಿ ರದ್ದುಪಡಿಸಿ, ಹಣ ಪಡೆದು ಪತ್ರ ಕೊಡುತ್ತಾರೆ. ಆ ಒಂದು ಲಕೋಟೆಯ ಮೇಲೆ ಎರಡು ಊರುಗಳು, ಇಬ್ಬರು ನೌಕರರು, ಇಬ್ಬರು ಹಣ ಕೊಟ್ಟವರು ಕಾಣಸಿಗುತ್ತಾರೆ.

1883ರ ಅಕ್ಟೋಬರ್ 1ರಂದು ಪತ್ರದ ದರ 3 ಸೆಂಟಿನಿಂದ 2 ಸೆಂಟಿಗೆ ಇಳಿಯಿತು. 1885ರ ಜುಲೈಯಿಂದ ಅದೇ 2 ಸೆಂಟಿಗೆ ಅರ್ಧದ ಬದಲು ಒಂದು ಔನ್ಸ್ ತೂಕವನ್ನು ಕಳುಹಿಸಬಹುದೆಂದಾಯಿತು. ಆ ಬಳಿಕ ಸಾಮಾನ್ಯ ಪತ್ರದ ಕೊರತೆ 2 ಸೆಂಟು. 3 ಸೆಂಟಿನ ಬಾಕಿ ಚೀಟಿಗೆ ಕೆಲಸವೇ ಕಡಮೆಯಾಯಿತು. ಆದುದರಿಂದಲೇ 1879ರ ಕಂದು ಬಣ್ಣದ 3 ಸೆಂಟಿನ ಚೀಟಿ ಇಂದಿಗೂ ಸುಲಭವಾಗಿ ಸಿಗುತ್ತದೆ. ಅದರ ಮುಂದಿನ ಮುದ್ರಣದ 3 ಸೆಂಟಿನ ಚೀಟಿಯನ್ನು ಹುಡುಕಿ ತೆಗೆಯಬೇಕಾಗುತ್ತದೆ.

10 ಸೆಂಟಿನ ಚೀಟಿಗೆ ಕಡಲಾಚೆಯ ಕಥೆಯಿದೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಅಂಚೆಯ ಒಕ್ಕೂಟವನ್ನು ಕಟ್ಟಿದವು, ಅಮೆರಿಕವೂ ಅದರಲ್ಲಿತ್ತು. ಅದರ ನಿಯಮದಂತೆ ಹಣ ಸಾಲದ ಪತ್ರದ ಮೇಲೆ ‘ಟಿ’ ಅಕ್ಷರದ ಠಸ್ಸೆ ಬೀಳುತ್ತಿತ್ತು. ತೆರ ಎಂಬ ಅರ್ಥದ ಫ್ರೆಂಚ್ ಪದದ ಮೊದಲಕ್ಷರವದು. ಕೊರತೆಯನ್ನು ಸೆಂಟಿಮ್‌ಗಳಲ್ಲಿ ಬರೆಯುತ್ತಿದ್ದರು. 5 ಸೆಂಟಿಮ್ ಎಂದರೆ 1 ಸೆಂಟ್ ಎಂದು ಲೆಕ್ಕ. ಹೊರದೇಶದಿಂದ ಚೀಟಿಯೇ ಇಲ್ಲದೆ ಬಂದ ಸಾಧಾರಣ ತೂಕದ ಪತ್ರಕ್ಕೆ 5 ಸೆಂಟಿನ ಇಮ್ಮಡಿ, ಎಂದರೆ 10 ಸೆಂಟು ಬಾಕಿ. ಯುರೋಪಿನಿಂದ ಲಕ್ಷಾಂತರ ಮಂದಿ ಅಮೆರಿಕಕ್ಕೆ ವಲಸೆ ಹೋಗಿ ನೆಲೆಸುತ್ತಿದ್ದ ಕಾಲವದು. ಹುಟ್ಟೂರಿನಿಂದ ಬಂದ ಕಾಗದವನ್ನು 10 ಸೆಂಟು ಕೊಟ್ಟು ಬಿಡಿಸಿಕೊಂಡ ಕೈಗಳನ್ನು ಆ ಚೀಟಿಯ ಹಿಂದೆ ಊಹಿಸಿಕೊಳ್ಳಬಹುದು.

30 ಮತ್ತು 50 ಸೆಂಟಿನವು ಅಷ್ಟೊಂದು ಬಾಕಿ ಬೀಳುವ ದಪ್ಪ ಕಟ್ಟುಗಳಿಗೆ. ಬಿಡಿ ಚೀಟಿ ಸಿಕ್ಕರೂ, ಇವು ಲಕೋಟೆಯ ಸಮೇತ ಸಿಗುವುದು ಬಲು ಅಪರೂಪ.

ಬಣ್ಣದಿಂದ ಕಾಲವನ್ನು ಅರಿಯುವುದು

ದೊಡ್ಡ ಅಂಕಿಯ ಈ ಮಾದರಿ 1879ರಿಂದ 1894ರವರೆಗೆ ನಡೆಯಿತು. ನಮೂನೆ ಬದಲಾಗಲಿಲ್ಲ, ಬಣ್ಣ ಬದಲಾಯಿತು. 1879ರಲ್ಲಿ ಕಂದು. 1884ರಲ್ಲಿ ಕೆಂಪು ಬೆರೆತ ಕಂದು. 1891ರಲ್ಲಿ ಬೀಟ್‌ರೂಟಿನ ರಸವನ್ನು ನೆನಪಿಗೆ ತರುವ ಹೊಳಪಿನ ನೇರಳೆಗೆಂಪು. ಏಳು ಬೆಲೆ, ಮೂರು ಬಣ್ಣ. ಇಪ್ಪತ್ತೊಂದು ಚೀಟಿಗಳಿಗೆ ಈ ಕಾಲದ ಸಾಮಾನ್ಯ ಸಂಗ್ರಹ ಪೂರ್ಣವಾಗುತ್ತದೆ. ಇವಲ್ಲದೆ 1879ರ ನಮೂನೆಯಲ್ಲಿಯೇ ಗಾಢ ಕಂದು ಬಣ್ಣದ ವಿಶೇಷ ಮುದ್ರಣವೊಂದು ಉಂಟು. ಊರ ಕಚೇರಿಗಳಲ್ಲಿ ಮಾರಲಾಗದ ಚೀಟಿಯನ್ನು ಸಂಗ್ರಾಹಕರು ಪಡೆಯಲೆಂದು ವಾಷಿಂಗ್ಟನ್ನಿನ ಇಲಾಖೆಯೇ ಮಾರಿದ ಅದು ಬಹಳ ಕಡಮೆ ಸಂಖ್ಯೆಯಲ್ಲಿ ಹೊರಬಿದ್ದಿತು.

1894ರಲ್ಲಿ ಚೀಟಿಗಳ ಮುದ್ರಣವು ಖಾಸಗಿ ಕಂಪನಿಯ ಕೈಯಿಂದ ಸರ್ಕಾರದ ಸ್ವಂತ ಮುದ್ರಣಾಲಯಕ್ಕೆ ಬಂದಿತು. ಆಗ ಗಾತ್ರ ಕಿರಿದಾಯಿತು, ನಮೂನೆ ಹೊಸದಾಯಿತು. 1 ಮತ್ತು 2 ಸೆಂಟಿನ ಚೀಟಿಗಳು ಮೊದಲಲ್ಲಿ ಕುಂಕುಮದ ಕೆಂಪಿನವು. ಬಳಿಕ ಎಲ್ಲವೂ ಗಾಢ ನೇರಳೆಗೆಂಪಿಗೆ ತಿರುಗಿದವು. 1895ರಿಂದ ಕಾಗದದೊಳಗೆ ಅಕ್ಷರಗಳ ನೀರುಗುರುತು ಸೇರಿತು. ಮೊದಲು ಜೋಡಿಗೆರೆಯ ಅಕ್ಷರಗಳು, 1910ರಿಂದ ಒಂಟಿಗೆರೆಯವು, 1916ರ ಬಳಿಕ ಗುರುತೇ ಇಲ್ಲದ ಕಾಗದ. ಅಂಚಿನ ರಂಧ್ರಗಳೂ ಬದಲಾದವು. ಎರಡು ಸೆಂಟಿಮೀಟರ್ ಉದ್ದಕ್ಕೆ ಮೊದಲು 12 ರಂಧ್ರ, 1914ರಲ್ಲಿ 10, 1917ರಲ್ಲಿ 11.

ಇಷ್ಟು ಸೂಕ್ಷ್ಮಗಳೇಕೆ ಎಂದು ಕೇಳಬಹುದು. ನೀರುಗುರುತಿಲ್ಲದ, 10 ರಂಧ್ರದ ಅಳತೆಯ 1916ರ 1 ಸೆಂಟಿನ ಬಾಕಿ ಚೀಟಿ ಅತ್ಯಂತ ದುರ್ಲಭವಾದುದು. ಮೇಲುನೋಟಕ್ಕೆ ಅದು ತನ್ನ ಅಗ್ಗದ ಒಡಹುಟ್ಟುಗಳಂತೆಯೇ ಇರುತ್ತದೆ. ಅಳೆದು, ಕಾಗದವನ್ನು ಪರೀಕ್ಷಿಸಿದವರಿಗೆ ಮಾತ್ರ ಅದು ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಅಗ್ಗದ ಚೀಟಿಯನ್ನು ದುರ್ಲಭವೆಂದು ಮಾರುವವರ ಕೈಗೆ ಸಿಗದಂತೆ ಕಾಯುವುದೂ ಈ ತಿಳಿವಳಿಕೆಯೇ.

ಅಯೋವದ ಪೋಸ್ಟ್ ಮಾಸ್ತರರ ಕತ್ತರಿ

ಕಟ್ಟುನಿಟ್ಟಾದ ಕಾನೂನಿನ ನಡುವೆ ಮನುಷ್ಯನ ಉಪಾಯಬುದ್ಧಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ನಿದರ್ಶನವುಂಟು. ಅಯೋವ ರಾಜ್ಯದಲ್ಲಿ ಜೆಫರ್ಸನ್ ಎಂಬ ಊರು. 1895ರ ಅಕ್ಟೋಬರಿನಲ್ಲಿ ಅಲ್ಲಿಯ ಪೋಸ್ಟ್ ಮಾಸ್ತರರು 2 ಸೆಂಟಿನ ಕೆಲವು ಬಾಕಿ ಚೀಟಿಗಳನ್ನು ತೆಗೆದುಕೊಂಡರು. ಪ್ರತಿಯೊಂದರ ಎಡಭಾಗಕ್ಕೂ ಬಲಭಾಗಕ್ಕೂ ‘ಬಾಕಿ 1 ಸೆಂಟ್’ ಎಂಬರ್ಥದ ಅಕ್ಷರಗಳನ್ನು ಕಪ್ಪು ಮಸಿಯಲ್ಲಿ ಒತ್ತಿ, ನಡುವೆ ಉದ್ದಕ್ಕೆ ಕತ್ತರಿಸಿ, ಒಂದೊಂದು ಅರ್ಧವನ್ನು 1 ಸೆಂಟಿನ ಚೀಟಿಯಂತೆ ಬಳಸಿದರು. ಹೀಗೆ ಬಳಕೆಯಾದವು ಇಪ್ಪತ್ತೇ. ಇಂದು ಆ ಅರ್ಧ ಚೀಟಿಗಳು ಸಂಗ್ರಾಹಕರ ಗ್ರಂಥಗಳಲ್ಲಿ ಸ್ಥಾನ ಪಡೆದಿವೆ. ಒಂದು ಸೆಂಟಿನ ಬಾಕಿಯನ್ನೂ ಚೀಟಿಯಿಲ್ಲದೆ ಎತ್ತಬಾರದೆಂಬ ನಿಯಮ ದೂರದ ಸಣ್ಣ ಊರಿನಲ್ಲಿ ಎಷ್ಟು ಬಲವಾಗಿ ಬೇರೂರಿತ್ತೆಂಬುದನ್ನು ಆ ಕತ್ತರಿಸಿದ ತುಂಡುಗಳು ಸಾರುತ್ತವೆ.

ಸೈನಿಕನ ಓಲೆ

ಬಾಕಿ ಎಂದೊಡನೆ ಅಲಕ್ಷ್ಯ ಅಥವಾ ಜಿಪುಣತನವೆಂದು ಭಾವಿಸುವುದು ಲೋಕರೂಢಿ. ಈ ಚೀಟಿಗಳ ಇತಿಹಾಸದಲ್ಲಿ ಅದಕ್ಕಿಂತ ಬೇರೆಯಾದ ಒಂದು ಬಾಕಿಯೂ ಇದೆ.

ಅಮೆರಿಕದ ಅಂತರ್ಯುದ್ಧ ಮೊದಲಾದ 1861ರಲ್ಲಿ ಅಲ್ಲಿಯ ಸರ್ಕಾರ ಸೈನಿಕರಿಗೊಂದು ಸೌಲಭ್ಯವನ್ನು ಕೊಟ್ಟಿತು. ದಂಡಿನ ಬಿಡಾರದಲ್ಲಿ ಚೀಟಿ ಸಿಗುವುದು ದುರ್ಲಭ. ಸಿಕ್ಕರೂ ಮಳೆಗೂ ಬೆವರಿಗೂ ಅಂಟಿಕೊಂಡು ಹಾಳಾಗುತ್ತಿತ್ತು. ಆದುದರಿಂದ ಲಕೋಟೆಯ ಮೇಲೆ ‘ಸೈನಿಕನ ಪತ್ರ’ ಎಂದು ಬರೆಸಿ, ಅಧಿಕಾರಿಯ ಸಹಿ ಹಾಕಿಸಿದರೆ, ಚೀಟಿಯಿಲ್ಲದೆಯೂ ಅದನ್ನು ಕಳುಹಿಸಬಹುದಾಗಿತ್ತು. ಮನೆಯವರು ಸಾಮಾನ್ಯ ದರವನ್ನಷ್ಟೇ ಕೊಟ್ಟರೆ ಸಾಕು, ಇಮ್ಮಡಿ ತೆರಬೇಕಿರಲಿಲ್ಲ. ಆಗ ಬಾಕಿ ಚೀಟಿ ಇನ್ನೂ ಹುಟ್ಟಿರಲಿಲ್ಲ. ಲಕೋಟೆಯ ಮೇಲೆ ‘ಬಾಕಿ 3’ ಎಂಬ ಠಸ್ಸೆ ಮಾತ್ರ ಕಾಣುತ್ತದೆ.

1898ರಲ್ಲಿ ಸ್ಪೇನ್ ದೇಶದೊಡನೆ ಯುದ್ಧವಾದಾಗ ಇಂತಹ ಪತ್ರಗಳು ಮತ್ತೆ ಬಂದವು. ಈ ಸಲ ಅವುಗಳ ಮೇಲೆ 2 ಸೆಂಟಿನ ನೇರಳೆಗೆಂಪು ಬಾಕಿ ಚೀಟಿ. ಬಿಡಾರಗಳಿಂದಲೂ, ಕಡಲಾಚೆಯ ಫಿಲಿಪೈನ್ಸಿನಿಂದಲೂ ಬಂದ ಸೈನಿಕರ ಲಕೋಟೆಗಳಲ್ಲಿ ಇದನ್ನು ಕಾಣಬಹುದು. ಆ ಯುದ್ಧದ ತರುವಾಯ ಅಮೆರಿಕದ ಆಡಳಿತಕ್ಕೆ ಬಂದ ಕ್ಯೂಬ, ಪೋರ್ಟೊರಿಕೊ, ಫಿಲಿಪೈನ್ಸ್‌ಗಳಲ್ಲಿ 1899ರಿಂದ ಇದೇ ಬಾಕಿ ಚೀಟಿಗಳ ಮೇಲೆ ಆಯಾ ನಾಡಿನ ಹೆಸರನ್ನು ಅಚ್ಚೊತ್ತಿ ಬಳಸಿದರು.

ಸೈನಿಕನ ಓಲೆಯ ಮೇಲಿನ ಆ ಎರಡು ಸೆಂಟಿನ ಚೀಟಿಯನ್ನು ನೋಡಿರಿ. ಮನೆಯ ಬಾಗಿಲಲ್ಲಿ ತಾಯಿಯೋ ಮಡದಿಯೋ ನಿಂತಿದ್ದಾರೆ. ಒಳಗೆ ಯಾವ ಸುದ್ದಿ ಇದೆಯೋ ತಿಳಿಯದು. ಕೊಟ್ಟ ಎರಡು ಸೆಂಟಿಗಿಂತ ಆ ಲಕೋಟೆಯ ಮೇಲಿನ ಕೈಬರಹವೇ ಅವರಿಗೆ ದೊಡ್ಡದು. ಮಗ ಬದುಕಿದ್ದಾನೆ, ಬರೆದಿದ್ದಾನೆ. ಸಾಮಾನ್ಯ ಅಂಚೆಚೀಟಿ ಬರೆದವರ ಪ್ರೀತಿಯನ್ನು ಹೇಳುತ್ತದೆ. ಕಾಯುತ್ತ ಕುಳಿತವರ ಪ್ರೀತಿಗೆ ಸಾಕ್ಷಿಯಾಗಿ ನಿಲ್ಲುವುದು ಈ ಬಾಕಿ ಚೀಟಿಯೊಂದೇ.

ಕೂಡಿಡುವವರಿಗೆ ಕೆಲವು ಮಾತು

ಈ ಹವ್ಯಾಸವನ್ನು ಕೈಗೊಳ್ಳಬಯಸುವ ಮಕ್ಕಳಿಗೂ ಹಿರಿಯರಿಗೂ ಕೆಲವು ಸಲಹೆಗಳು ಇಲ್ಲಿವೆ.

ಮೊದಲನೆಯದಾಗಿ, ಬಳಸಿದ ಚೀಟಿಗಳಿಂದ ಆರಂಭಿಸಿರಿ. ದೊಡ್ಡ ಅಂಕಿಯ ಚೀಟಿಗಳಲ್ಲಿ ಬಳಸದವುಗಳ ಬೆಲೆ ಹೆಚ್ಚು. ಮುದ್ರೆ ಬಿದ್ದ 1 ಮತ್ತು 2 ಸೆಂಟಿನವು ಸಾಮಾನ್ಯರ ಕೈಗೆಟುಕುತ್ತವೆ. ಮುದ್ರೆ ಬಿದ್ದುದು ಕುಂದೆಂದು ತಿಳಿಯಬೇಡಿರಿ. ಹಣ ಸಂದಾಯವಾಯಿತೆಂಬುದಕ್ಕೆ ಆ ಮುದ್ರೆಯೇ ಗುರುತು.

ಎರಡನೆಯದಾಗಿ, ಹಳೆಯ ಲಕೋಟೆ ಸಿಕ್ಕರೆ ಅದರ ಮೇಲಿನ ಚೀಟಿಯನ್ನು ಎಂದಿಗೂ ಕಿತ್ತು ತೆಗೆಯಬಾರದು. ಬಿಡಿಚೀಟಿ ಬೆಲೆಯನ್ನಷ್ಟೇ ಹೇಳುತ್ತದೆ. ಲಕೋಟೆಯೊಡನೆ ಇದ್ದಾಗ ಎಲ್ಲಿಂದ ಎಲ್ಲಿಗೆ, ಯಾವ ದಿನ, ಎಷ್ಟು ಕೊರತೆ, ಏತಕ್ಕಾಗಿ ಎಂಬುದೆಲ್ಲವನ್ನೂ ಹೇಳುತ್ತದೆ. ಲಕೋಟೆಯ ಬಾಕಿಯ ಲೆಕ್ಕವನ್ನು ದರಪಟ್ಟಿಯೊಡನೆ ತಾಳೆ ನೋಡುವುದು ಮಕ್ಕಳಿಗೆ ಒಳ್ಳೆಯ ಗಣಿತಾಭ್ಯಾಸವೂ ಹೌದು. ತಾಳೆಯಾಗದಿದ್ದರೆ, ಯಾರೋ ಲಾಭದಾಸೆಯಿಂದ ಚೀಟಿಯನ್ನು ತರುವಾಯ ಅಂಟಿಸಿರಬಹುದೆಂದು ಸಂಶಯಪಡಬೇಕು.

ಮೂರನೆಯದಾಗಿ, ಬಣ್ಣವನ್ನು ಹಗಲ ಬೆಳಕಿನಲ್ಲಿ ನೋಡಿರಿ. ಕಂದು, ಗಾಢ ಕಂದು, ಕೆಂಗಂದುಗಳ ನಡುವಣ ಭೇದವನ್ನು ದೀಪದ ಬೆಳಕಿನಲ್ಲಿ ನಂಬಬಾರದು. ಬಿಸಿಲಿಗೆ ಒಡ್ಡಿದ ಚೀಟಿಯ ಬಣ್ಣ ಮಾಸುತ್ತದೆ. ಖಚಿತವಾಗಿ ಗೊತ್ತಿರುವ ಒಂದೊಂದು ಚೀಟಿಯನ್ನು ಮಾದರಿಯಾಗಿ ಇಟ್ಟುಕೊಂಡು ಹೋಲಿಸುವುದೇ ಸರಿಯಾದ ಕ್ರಮ.

ನಾಲ್ಕನೆಯದಾಗಿ, ಚೀಟಿಯನ್ನು ಬರಿಗೈಯಿಂದ ಮುಟ್ಟದೆ ಚಪ್ಪಟೆ ತುದಿಯ ಚಿಮ್ಮಟದಿಂದ ಹಿಡಿಯಿರಿ. ಗೋಂದು, ಅಂಟುಟೇಪುಗಳನ್ನು ದೂರವಿಡಿರಿ. ನಮ್ಮ ಮಳೆಗಾಲದ ತೇವಕ್ಕೆ ಆಲ್ಬಮ್ಮಿನ ಹಾಳೆಗಳು ಅಂಟಿಕೊಳ್ಳುತ್ತವೆ. ಆಲ್ಬಮ್ಮನ್ನು ಮಲಗಿಸದೆ ನಿಲ್ಲಿಸಿ, ಗಾಳಿಯಾಡುವ ಒಣ ಕಪಾಟಿನಲ್ಲಿ ಇಡತಕ್ಕದ್ದು. ನೀರುಗುರುತನ್ನು ನೋಡಲು ಬಳಸುವ ದ್ರವಗಳಲ್ಲಿ ಕೆಲವು ಬೇಗನೆ ಬೆಂಕಿ ಹತ್ತುವಂಥವು. ಹಿರಿಯರು ಪಕ್ಕದಲ್ಲಿ ಇಲ್ಲದೆ ಮಕ್ಕಳು ಆ ಕೆಲಸಕ್ಕೆ ತೊಡಗಬಾರದು.

ಐದನೆಯದಾಗಿ, ಇದನ್ನು ಹಣ ಬೆಳೆಯುವ ಹೊಲವೆಂದು ಭಾವಿಸಿ ಸಂಸಾರದ ಹಣವನ್ನು ಹೂಡಬೇಡಿರಿ. ಹವ್ಯಾಸಕ್ಕೆ ತಿಂಗಳಿಗಿಷ್ಟೆಂದು ಗೊತ್ತುಮಾಡಿ, ಮಕ್ಕಳ ಕೈಯಿಂದಲೇ ಅದರ ಲೆಕ್ಕ ಬರೆಸಿರಿ. ಬಾಕಿ ಚೀಟಿಗಳನ್ನು ಕೂಡಿಡುವವರು ಲೆಕ್ಕವಿಲ್ಲದೆ ಖರ್ಚು ಮಾಡಿದರೆ ಆ ಚೀಟಿಯೇ ನಕ್ಕೀತು!

ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಅಂಚೆಚೀಟಿ ಸಂಗ್ರಾಹಕರಿಗೆಂದೇ ವಿಭಾಗವಿದೆ. ಅಂಚೆ ಇಲಾಖೆಯವರು ಏರ್ಪಡಿಸುವ ಪ್ರದರ್ಶನಗಳಿಗೆ ಮಕ್ಕಳನ್ನು ಕರೆದೊಯ್ದರೆ ಅನುಭವಿಗಳ ಸಂಗ್ರಹವನ್ನು ಕಣ್ಣಾರೆ ನೋಡಬಹುದು. ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ನಮ್ಮಲ್ಲಿ ಈಗ ಬಹಳ. ಅಲ್ಲಿಗೆ ಹೋದ ಹಿರಿಯರು ವಾಷಿಂಗ್ಟನ್ನಿನಲ್ಲಿ 1993ರಲ್ಲಿ ತೆರೆದ ರಾಷ್ಟ್ರೀಯ ಅಂಚೆ ವಸ್ತುಸಂಗ್ರಹಾಲಯವನ್ನು ಮೊಮ್ಮಕ್ಕಳೊಡನೆ ನೋಡಿಬರಬಹುದು.

ಇದೊಂದು ಸಣ್ಣ ವಿಷಯ, ಇದರಲ್ಲೇನಿದೆ ಎನ್ನುವವರಿಗೆ ಒಂದು ಮಾತು. ನಮ್ಮ ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಆರ್ಫ್‌ಕೆನ್ ಎಂಬ ಹೆಸರು ಚಿರಪರಿಚಿತ. ಅವರ ಗಣಿತ ವಿಧಾನಗಳ ಗ್ರಂಥವನ್ನು ತಲೆಮಾರುಗಳೇ ಓದಿವೆ. ಆ ಜಾರ್ಜ್ ಆರ್ಫ್‌ಕೆನ್ನರೇ 1879ರಿಂದ 1894ರವರೆಗಿನ ಈ ದೊಡ್ಡ ಅಂಕಿಯ ಬಾಕಿ ಚೀಟಿಗಳನ್ನು ಕುರಿತು ಒಂದು ಇಡೀ ಪುಸ್ತಕವನ್ನು 1991ರಲ್ಲಿ ಪ್ರಕಟಿಸಿದರು. ಎರಡು ಸೆಂಟು ಏಕೆ ಬಾಕಿ ಬಿತ್ತೆಂಬ ಪ್ರಶ್ನೆಯೂ ಅಂತಹ ವಿದ್ವಾಂಸರ ಶ್ರದ್ಧೆಗೆ ಪಾತ್ರವಾಯಿತು.

ಉಳಿದುದು

ಅಮೆರಿಕದಲ್ಲಿ 1985ರಲ್ಲಿ ಹೊರಬಂದ 17 ಸೆಂಟಿನ ಬಾಕಿ ಚೀಟಿಯೇ ಕೊನೆಯದಾಯಿತು. ಒಂದು ಶತಮಾನಕ್ಕೂ ಮೀರಿ ನಡೆದ ಈ ಪದ್ಧತಿ ಅಲ್ಲಿಗೆ ಮುಗಿಯಿತು. ಕೈಬರಹದ ಪತ್ರವೇ ಅಪರೂಪವಾದ ಈ ಕಾಲದಲ್ಲಿ ಬಾಗಿಲಿಗೆ ಬಂದು ಬಾಕಿ ಕೇಳುವ ಅಂಚೆಯವನೂ ನೆನಪಾಗಿ ಉಳಿಯುತ್ತಿದ್ದಾನೆ.

ಆದರೆ ಆ ಕಂದು ಚೀಟಿ ಹೇಳುವ ಮಾತು ಹಳತಾಗಿಲ್ಲ. ಹಣ ಎತ್ತುವವರು ಎಷ್ಟೇ ನಂಬಿಗಸ್ತರಾದರೂ ಪಾವತಿ ಕೊಡತಕ್ಕದ್ದು. ಮೊತ್ತ ಎಷ್ಟೇ ಸಣ್ಣದಾದರೂ ಅದರ ಗುರುತು ಉಳಿಯತಕ್ಕದ್ದು. ಮನೆಯ ಖರ್ಚಿನ ಪುಸ್ತಕದಿಂದ ಹಿಡಿದು ಸಂಘಸಂಸ್ಥೆಗಳ ವಂತಿಗೆಯವರೆಗೆ ಈ ಮಾತು ಸಲ್ಲುತ್ತದೆ. ನಂಬಿಕೆ ಮತ್ತು ಲೆಕ್ಕ ಒಂದಕ್ಕೊಂದು ಶತ್ರುಗಳೆಂದು ನಾವು ಎಷ್ಟೋ ಸಲ ತಿಳಿಯುತ್ತೇವೆ. ಲೆಕ್ಕ ಶುದ್ಧವಾಗಿದ್ದರೆ ನಂಬಿಕೆ ತಾನಾಗಿ ಬಾಳುತ್ತದೆ.

ಈ ತಿಂಗಳು ಮನೆಯ ಹಳೆಯ ಟ್ರಂಕನ್ನು ತೆರೆದು ನೋಡಿರಿ. ಅಜ್ಜನ ಕಾಲದ ಕಾಗದಗಳ ಕಟ್ಟಿನಲ್ಲಿ ಬೇರಿಂಗ್ ಠಸ್ಸೆಯ ಲಕೋಟೆಯೊಂದು ಸಿಕ್ಕೀತು. ಸಿಕ್ಕರೆ ಮಕ್ಕಳನ್ನು ಕೂಡಿಸಿಕೊಂಡು, ಅದನ್ನು ಬರೆದವರಾರು, ಹಣ ಕೊಟ್ಟು ಬಿಡಿಸಿಕೊಂಡವರಾರು ಎಂಬುದನ್ನು ಹೇಳಿರಿ. ಅದನ್ನು ಬೇಡವೆನ್ನದೆ ಬಿಡಿಸಿಕೊಂಡವರು ಇದ್ದುದರಿಂದಲೇ ಆ ಕಾಗದ ಇಂದು ನಿಮ್ಮ ಕೈಯಲ್ಲಿದೆ.